ಖಾವ್‌ಸಾನ್ ರಸ್ತೆ: ಬ್ಯಾಂಕಾಕಿನ ಅಗ್ಗದ ಬಿಡಾರ ಮತ್ತು ರಾತ್ರಿಲೋಕ

ಥಾಯ್ಲೆಂಡಿನ ರಾಜಧಾನಿ ಬ್ಯಾಂಕಾಕಿನ ಹಳೆಯ ಪಟ್ಟಣ ಭಾಗದಲ್ಲಿ, ಫ್ರನಕೋನ್ ಜಿಲ್ಲೆಯ ಬಾಂಗ್ಲಂಪು ಪ್ರದೇಶದಲ್ಲಿರುವ ಬೀದಿ. ಉದ್ದ ಸುಮಾರು 400 ಮೀಟರ್. ಪಶ್ಚಿಮದ ತುದಿ ಚಕ್ರಫೋಂಗ್ ರಸ್ತೆಗೂ ಪೂರ್ವದ ತುದಿ ತಾನಾವ್ ರಸ್ತೆಗೂ ಸೇರುತ್ತದೆ. ರಾಜರ ಅರಮನೆ ಇಲ್ಲಿಂದ ಕಾಲ್ನಡಿಗೆಯ ದೂರ, ಚಾವ್‌ಫ್ರಯಾ ನದಿ ಇನ್ನೂ ಹತ್ತಿರ. ಬೆನ್ನಿಗೊಂದು ಚೀಲ ಏರಿಸಿ ಕಡಿಮೆ ಖರ್ಚಿನಲ್ಲಿ ದೇಶ ಸುತ್ತುವ ಹುಡುಗ ಹುಡುಗಿಯರು ಆಗ್ನೇಯ ಏಷ್ಯಾದಲ್ಲಿ ಮೊದಲು ಬಂದು ಇಳಿಯುವ ಜಾಗವೆಂದು 1980ರ ದಶಕದಿಂದ ಇದು ಹೆಸರಾಗಿದೆ. ಈಗ ಅದಕ್ಕಿಂತ ಹೆಚ್ಚಾಗಿ ರಾತ್ರಿಯ ಗದ್ದಲಕ್ಕೆ ಹೆಸರುವಾಸಿ. ಅಗ್ಗದ ಹಾಸಿಗೆ ಇಲ್ಲಿಗೆ ಜನರನ್ನು ತಂದಿತು, ಜನ ರಾತ್ರಿಯ ವ್ಯಾಪಾರವನ್ನು ತಂದರು, ಆ ವ್ಯಾಪಾರವೇ ಬೆಳೆದು ಅಗ್ಗದ ಹಾಸಿಗೆಯನ್ನು ಪಕ್ಕದ ಓಣಿಗಳಿಗೆ ದಬ್ಬಿತು. ಬೀದಿಯ ಚರಿತ್ರೆ ಹೆಚ್ಚೂಕಡಿಮೆ ಇಷ್ಟೇ. ಆದರೆ ಇದು ನಡೆದ ಬಗೆ ವಿವರವಾಗಿ ನೋಡಬೇಕಾದದ್ದು, ಏಕೆಂದರೆ ಪ್ರವಾಸಿಗರು ಮುಗಿಬೀಳುವ ಎಷ್ಟೋ ಊರುಗಳಲ್ಲಿ ಇದೇ ಕತೆ ನಡೆದಿದೆ.

ಹಿನ್ನೆಲೆ

ಐದನೆಯ ರಾಮ ಎಂದು ಕರೆಯಲಾಗುವ ಚುಲಲಾಂಗ್‌ಕೋರ್ನ್ ದೊರೆಯ ಆಳ್ವಿಕೆಯಲ್ಲಿ, 1892ರಲ್ಲಿ ಈ ರಸ್ತೆಯನ್ನು ಹಾಕಲಾಯಿತು. ಬಾಂಗ್ಲಂಪು ಕಾಲುವೆಗೆ ದೋಣಿಗಳಲ್ಲಿ ಬರುತ್ತಿದ್ದ ಅಕ್ಕಿಯ ವ್ಯಾಪಾರ ಆಸುಪಾಸಿನಲ್ಲಿ ನಡೆಯುತ್ತಿದ್ದುದರಿಂದ ಅಕ್ಕಿಯ ಹೆಸರೇ ಬೀದಿಗೆ ಅಂಟಿತು. ಮುಂದೆ ಸರ್ಕಾರಿ ನೌಕರರ ಮನೆಗಳು, ಕೆಳಗೆ ಅಂಗಡಿ ಮೇಲೆ ವಾಸ ಎಂಬಂತಹ ಸಾಲುಮನೆಗಳು, ಶಾಲೆಯ ಸಮವಸ್ತ್ರ ಹೊಲಿಯುವವರು, ಅಕ್ಕಸಾಲಿಗರು ಸೇರಿ ಇದೊಂದು ಮಧ್ಯಮವರ್ಗದ ಕೇರಿಯಾಯಿತು. ಬೀದಿಯ ಪಶ್ಚಿಮದ ತುದಿಗೆ ಎದುರಾಗಿ ವಾಟ್ ಚನಾ ಸೊಂಗ್‌ಖ್ರಾಮ್ ಎಂಬ ಹಳೆಯ ಬೌದ್ಧ ವಿಹಾರವಿದೆ. ಹತ್ತಿರದ ಓಣಿಯಲ್ಲಿ ಮಸೀದಿಯೂ ಇದೆ. ಬ್ಯಾಂಕಾಕಿನ ವ್ಯಾಪಾರ ವಹಿವಾಟು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸೀಲೋಮ್, ಸಯಾಮ್, ಸುಖುಮ್‌ವಿಟ್ ಕಡೆಗೆ ಸರಿದಾಗ ಹಳೆಯ ಪಟ್ಟಣ ಹಿಂದೆ ಉಳಿಯಿತು. ಅರಮನೆಯ ಸುತ್ತ ಎತ್ತರದ ಕಟ್ಟಡ ಕಟ್ಟಬಾರದೆಂಬ ನಿಯಮ ಬೇರೆ. ಹೀಗಾಗಿ ಇಲ್ಲಿ ಬಾಡಿಗೆ ಏರಲಿಲ್ಲ, ಹಳೆಯ ಮನೆಗಳು ಬೀಳಲಿಲ್ಲ, ಮೇಲಿನ ಅಂತಸ್ತಿನಲ್ಲಿ ಒಂದೆರಡು ಕೋಣೆ ಖಾಲಿ ಬಿದ್ದಿರುತ್ತಿದ್ದವು. ಅಗ್ಗದ ವಸತಿ ಹುಟ್ಟುವುದಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ.

ಗಿರಾಕಿಗಳು ಬಂದದ್ದು ಇನ್ನೊಂದು ದಿಕ್ಕಿನಿಂದ. 1960ರ ದಶಕದ ಕೊನೆಯಿಂದ ಯುರೋಪಿನ ಯುವಕರು ಇಸ್ತಾಂಬುಲ್, ತೆಹರಾನ್, ಕಾಬೂಲ್ ಹಾದು ಗೋವಾಕ್ಕೂ ಕಠ್ಮಂಡುವಿಗೂ ಬರುತ್ತಿದ್ದ ಭೂಮಾರ್ಗವನ್ನು ಹಿಪ್ಪಿ ದಾರಿ ಎನ್ನುತ್ತಿದ್ದರು. 1979ರಲ್ಲಿ ಇರಾನಿನ ಕ್ರಾಂತಿ, ಅದೇ ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶ, ಇವೆರಡರಿಂದ ಆ ದಾರಿ ಮುಚ್ಚಿಹೋಯಿತು. ಅಷ್ಟರಲ್ಲಿ ವಿಮಾನದ ಟಿಕೆಟ್ ಅಗ್ಗವಾಗುತ್ತಿತ್ತು, ಬ್ಯಾಂಕಾಕ್ ಈ ಭಾಗದ ದೊಡ್ಡ ವಿಮಾನ ಜಂಕ್ಷನ್ ಆಗುತ್ತಿತ್ತು. ಟೋನಿ ಮತ್ತು ಮೌರೀನ್ ವೀಲರ್ ದಂಪತಿ 1973ರಲ್ಲಿ ಲೋನ್ಲಿ ಪ್ಲಾನೆಟ್ ಹೆಸರಿನಲ್ಲಿ ಮೊದಲ ಕೈಪಿಡಿ ತಂದರು. ಆಗ್ನೇಯ ಏಷ್ಯಾದ ಬಗೆಗಿನ ಹಳದಿ ರಕ್ಷಾಪುಟದ ಅವರ ಪುಸ್ತಕ 1975ರಲ್ಲಿ ಬಂತು. ಇದೇ ಹೊತ್ತಿಗೆ ಸಮಾಜಶಾಸ್ತ್ರಜ್ಞ ಎರಿಕ್ ಕೋಹೆನ್ ಇಂಥ ಅಲೆಮಾರಿ ಪ್ರವಾಸಿಗರ ಬಗ್ಗೆ ಬರೆಯುತ್ತಾ, ಇವರು ಸಿರಿವಂತ ಸಮಾಜಗಳಿಂದ ಹೊರಬಿದ್ದವರು, ಸ್ವಂತ ದಾರಿ ಹುಡುಕುತ್ತೇವೆನ್ನುತ್ತಲೇ ತಮ್ಮದೇ ಆದ ಸಿದ್ಧ ದಾರಿಗಳನ್ನೂ ಅಡ್ಡೆಗಳನ್ನೂ ಮಾಡಿಕೊಳ್ಳುತ್ತಾರೆ ಎಂದು ಗುರುತಿಸಿದ್ದರು. ಖಾವ್‌ಸಾನ್ ಆ ಮಾತಿಗೆ ಮುಂದೆ ಒದಗಿದ ಅತ್ಯುತ್ತಮ ನಿದರ್ಶನ.

ಮೊದಮೊದಲು ಇಂಥವರು ಬ್ಯಾಂಕಾಕಿನಲ್ಲಿ ಇಳಿದುಕೊಳ್ಳುತ್ತಿದ್ದುದು ಲುಂಪಿನಿ ಉದ್ಯಾನದ ದಕ್ಷಿಣಕ್ಕಿರುವ ಸೊಯಿ ಙಾಮ್ ದುಫ್ಲಿ ಎಂಬ ಓಣಿಯ ಮಲೇಷಿಯಾ ಹೋಟೆಲಿನಲ್ಲಿ ಮತ್ತು ಹುವಾಲಂಫೋಂಗ್ ರೈಲು ನಿಲ್ದಾಣದ ಆಸುಪಾಸಿನ ಚೀನೀ ಲಾಡ್ಜುಗಳಲ್ಲಿ. 1982ರಲ್ಲಿ ಬ್ಯಾಂಕಾಕಿಗೆ ಇನ್ನೂರು ವರ್ಷ ತುಂಬಿ ಅರಮನೆಯ ಸುತ್ತ ಉತ್ಸವಗಳು ನಡೆದಾಗ ನೋಡಲು ಬಂದ ವಿದೇಶೀಯರಿಗೆ ಹತ್ತಿರದಲ್ಲಿ ತಂಗಲು ಜಾಗ ಬೇಕಾಯಿತು. ಬಾಂಗ್ಲಂಪುವಿನ ಕೆಲವು ಮನೆಯವರು ಮಹಡಿಯ ಕೋಣೆಗಳನ್ನು ಬಾಡಿಗೆಗೆ ಬಿಟ್ಟರು. ಅತಿಥಿಗೃಹ ಅಥವಾ ಗೆಸ್ಟ್‌ಹೌಸ್ ಎಂಬ ಫಲಕಗಳು ಒಂದೊಂದಾಗಿ ಎದ್ದದ್ದು ಆ ಹೊತ್ತಿನಲ್ಲಿ.

ಪ್ಲೈವುಡ್ ಗೋಡೆಯಿಂದ ಬಂಕ್‌ವರೆಗೆ

ಮೊದಲ ಕಾಲದ ಗೆಸ್ಟ್‌ಹೌಸ್ ಎಂದರೆ ಮರದ ಮೆಟ್ಟಿಲು, ಪ್ಲೈವುಡ್ಡಿನಿಂದ ಅಡ್ಡ ಕಟ್ಟಿದ ಗೂಡುಗಳು, ಸೂರಿನವರೆಗೂ ಮುಟ್ಟದ ಗೋಡೆ, ಒಂದು ಫ್ಯಾನು, ಮೊಳೆಗೆ ನೇತುಹಾಕಿದ ಸೊಳ್ಳೆಪರದೆ. ಕಕ್ಕಸು, ಬಚ್ಚಲು ಎಲ್ಲರಿಗೂ ಸೇರಿ ಒಂದೇ. ಪಕ್ಕದವರ ಕೆಮ್ಮು, ಜಗಳ, ಗೊರಕೆ ಎಲ್ಲ ಈಚೆಗೆ ಕೇಳುತ್ತಿತ್ತು. ಕೆಳಗೆ ಮನೆಯೊಡತಿ ಬಾಳೆಹಣ್ಣಿನ ದೋಸೆಯಂಥದ್ದನ್ನೂ ಮೊಟ್ಟೆಯನ್ನೂ ಮಾಡಿಕೊಡುತ್ತಿದ್ದಳು, ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು, ಹೋಗುವಾಗ ಒಟ್ಟಿಗೆ ಕೊಟ್ಟರಾಯಿತು. ವ್ಯವಹಾರ ನಿಂತಿದ್ದು ಈ ನಂಬಿಕೆಯ ಮೇಲೆ.

ವಸತಿಯ ಬೆನ್ನಿಗೇ ಉಳಿದ ಕಸುಬುಗಳು ಬಂದವು. ಕೊಹ್ ಸಮೂಯಿ ದ್ವೀಪಕ್ಕೆ, ಚಿಯಾಂಗ್‌ಮಾಯಿಗೆ, ಮುಂದೆ ಕಾಂಬೋಡಿಯಾದ ಸಿಯೆಮ್ ರೀಪ್‌ಗೆ ಬಸ್ ಟಿಕೆಟ್ ಮಾರುವ ಏಜೆಂಟರು, ವೀಸಾ ಮಾಡಿಸಿಕೊಡುವವರು, ಓದಿ ಮುಗಿಸಿದ ಪುಸ್ತಕ ಕೊಳ್ಳುವ ಅಂಗಡಿಗಳು, ಅಂತರರಾಷ್ಟ್ರೀಯ ದೂರವಾಣಿ ಬೂತುಗಳು, 1990ರ ದಶಕದಲ್ಲಿ ಇಂಟರ್‌ನೆಟ್ ಕೆಫೆಗಳು. ಕಳ್ಳ ಕ್ಯಾಸೆಟ್, ಸಿಡಿ ಮತ್ತು ಬೀದಿಯಲ್ಲೇ ಮುದ್ರಿಸಿಕೊಡುವ ನಕಲಿ ವಿದ್ಯಾರ್ಥಿ ಗುರುತುಚೀಟಿ, ಪತ್ರಕರ್ತರ ಗುರುತುಚೀಟಿಗಳೂ ಇದ್ದವು. ಒಂದೇ ದಿನದಲ್ಲಿ ಸೂಟು ಹೊಲಿದುಕೊಡುತ್ತೇವೆನ್ನುವ ದರ್ಜಿ ಅಂಗಡಿಗಳಲ್ಲಿ ಹಲವು ಭಾರತೀಯ ಮೂಲದವರವು. ಇಸ್ರೇಲಿನಲ್ಲಿ ಕಡ್ಡಾಯ ಸೇನಾಸೇವೆ ಮುಗಿಸಿ ತಿರುಗಾಟಕ್ಕೆ ಹೊರಟವರ ಸಂಖ್ಯೆ ಎಷ್ಟಿತ್ತೆಂದರೆ ಹೀಬ್ರೂ ಫಲಕಗಳೂ, ಪಕ್ಕದ ರಾಂಬುತ್ರಿಯಲ್ಲಿ ಯಹೂದಿ ಧಾರ್ಮಿಕ ಕೇಂದ್ರವೂ ಬಂದವು.

ಅಲೆಕ್ಸ್ ಗಾರ್ಲೆಂಡ್ 1996ರಲ್ಲಿ ಪ್ರಕಟಿಸಿದ ‘ದಿ ಬೀಚ್’ ಕಾದಂಬರಿ ಈ ಬೀದಿಯ ಅಗ್ಗದ ಗೆಸ್ಟ್‌ಹೌಸೊಂದರಲ್ಲೇ ಆರಂಭವಾಗುತ್ತದೆ. ಡ್ಯಾನಿ ಬಾಯ್ಲ್ ನಿರ್ದೇಶಿಸಿ ಲಿಯೊನಾರ್ಡೊ ಡಿಕಾಪ್ರಿಯೊ ನಟಿಸಿದ ಚಲನಚಿತ್ರ 2000ದಲ್ಲಿ ತೆರೆಕಂಡಿತು. ಚಿತ್ರದ ಗೆಸ್ಟ್‌ಹೌಸ್ ದೃಶ್ಯಗಳಿಗೆ ಬಳಸಿದ್ದು ಫುಕೆಟ್ ಪಟ್ಟಣದ ಹಳೆಯ ಆನ್ ಆನ್ ಹೋಟೆಲನ್ನು. ಆದರೂ ಪ್ರಚಾರ ಸಿಕ್ಕಿದ್ದು ಖಾವ್‌ಸಾನ್‌ಗೆ. ಗುಟ್ಟಾದ ಸ್ವರ್ಗವನ್ನು ಹುಡುಕಿ ಹಾಳುಮಾಡುವವರ ಕತೆಯನ್ನು ಓದಿ ಜನ ಅದೇ ದಾರಿಯಲ್ಲಿ ಹೊರಟದ್ದು ವಿಚಿತ್ರವೇ ಸರಿ. ಚಿತ್ರೀಕರಣ ನಡೆದ ಮಾಯಾ ಕೊಲ್ಲಿ ಪ್ರವಾಸಿಗರ ಭಾರ ತಾಳಲಾರದೆ 2018ರಲ್ಲಿ ಮುಚ್ಚಿ, 2022ರ ಜನವರಿಯಲ್ಲಿ ನಿರ್ಬಂಧಗಳೊಂದಿಗೆ ಮತ್ತೆ ತೆರೆಯಿತು.

ಹೆಸರು ಬಂದ ಮೇಲೆ ಜಾಗದ ಬೆಲೆ ಏರಿತು. ನೆಲ ಅಂತಸ್ತಿನಲ್ಲಿ ಬಿಯರ್ ಮಾರಿದರೆ ಒಂದು ರಾತ್ರಿಯಲ್ಲಿ ಬರುವ ದುಡ್ಡು ಮೇಲಿನ ಗೂಡುಗಳ ತಿಂಗಳ ಬಾಡಿಗೆಯನ್ನು ಮೀರಿಸುತ್ತಿದ್ದರೆ ಯಾವ ಮಾಲೀಕನೂ ಹಾಸಿಗೆ ಹಾಕಿಕೊಂಡು ಕೂರುವುದಿಲ್ಲ. ಪ್ಲೈವುಡ್ ಗೂಡುಗಳ ಜಾಗದಲ್ಲಿ ಈಜುಕೊಳವಿರುವ ಹೋಟೆಲುಗಳು, ಪಬ್ಬುಗಳು, ಅಂತರರಾಷ್ಟ್ರೀಯ ತಿಂಡಿ ಸರಪಣಿಗಳು ಬಂದವು. ಅಗ್ಗದ ಕೋಣೆಗಳು ವಿಹಾರವನ್ನು ಸುತ್ತುವರಿದ ಸೊಯಿ ರಾಂಬುತ್ರಿಗೆ, ಅಲ್ಲಿಂದ ನದಿಯ ದಂಡೆಯ ಫ್ರಾ ಆಥಿತ್ ರಸ್ತೆಗೆ, ಕಾಲುವೆ ದಾಟಿ ಸಾಮ್‌ಸೆನ್ ಕಡೆಗೆ ಸರಿದವು.

ಈಗಿನ ಅಗ್ಗದ ವಸತಿಯ ಮುಖ್ಯ ರೂಪ ಹಾಸ್ಟೆಲ್. ಜರ್ಮನಿಯ ಶಾಲಾ ಶಿಕ್ಷಕ ರಿಚರ್ಡ್ ಶಿರ್‌ಮನ್ 1909ರಲ್ಲಿ ಕಂಡುಕೊಂಡ ಕಲ್ಪನೆಯಿಂದ 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಮೊದಲ ಯುವ ಹಾಸ್ಟೆಲ್ ಆರಂಭವಾಗಿತ್ತು. ಅಲ್ಲಿ ರಾತ್ರಿ ದೀಪ ಆರಿಸುವ ಹೊತ್ತು, ಬೆಳಗಿನ ಕೆಲಸ ಎಲ್ಲ ನಿಗದಿ. ಬ್ಯಾಂಕಾಕಿನ ಹಾಸ್ಟೆಲಿಗೆ ಆ ಶಿಸ್ತಿನೊಡನೆ ಉಳಿದಿರುವ ಸಂಬಂಧ ಮೇಲೊಂದು ಕೆಳಗೊಂದು ಹಾಸಿಗೆಯಿರುವ ಬಂಕ್ ಮಾತ್ರ. ನಾಲ್ಕರಿಂದ ಹನ್ನೆರಡು ಜನರ ಡಾರ್ಮಿಟರಿ, ಪ್ರತಿ ಬಂಕಿಗೂ ಪರದೆ, ಪುಟ್ಟ ದೀಪ, ಮೊಬೈಲ್ ಚಾರ್ಜ್ ಮಾಡುವ ಪಾಯಿಂಟ್, ಹಾಸಿಗೆಯ ಕೆಳಗೆ ಲಾಕರ್. ಲಾಕರಿನ ಬೀಗ ಹಲವು ಕಡೆ ನಾವೇ ಒಯ್ಯಬೇಕು, ಇಲ್ಲವೇ ಕೌಂಟರಿನಲ್ಲಿ ಕೊಳ್ಳಬೇಕು. ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ಹೆಣ್ಣುಮಕ್ಕಳಿಗೆ ಮಾತ್ರವೇ ಮೀಸಲಾದ ಕೋಣೆಗಳು ಬಹುತೇಕ ಹಾಸ್ಟೆಲುಗಳಲ್ಲಿ ಇವೆ. ಬೆಂಗಳೂರಿನ ಪಿಜಿಗಳಲ್ಲಿ ಶೇರಿಂಗ್ ರೂಮಿನಲ್ಲಿ ಇದ್ದವರಿಗೆ ಇದೇನೂ ಹೊಸತಲ್ಲ. ಅಲ್ಲಿ ತಿಂಗಳಿಗೆ, ಇಲ್ಲಿ ರಾತ್ರಿಗೆ. ಒಂದು ಹಾಸಿಗೆಗೆ ಋತುಮಾನ ನೋಡಿಕೊಂಡು ಹೆಚ್ಚೂಕಡಿಮೆ 250ರಿಂದ 600 ಬಾತ್ ಆಗುತ್ತದೆ. ಒಂದು ಬಾತ್ ನಮ್ಮ ಎರಡೂವರೆಯಿಂದ ಮೂರು ರೂಪಾಯಿಯ ನಡುವೆ ಇರುತ್ತದೆ. ನವೆಂಬರಿನಿಂದ ಫೆಬ್ರುವರಿವರೆಗಿನ ತಂಪಿನ ದಿನಗಳಲ್ಲಿ ದರ ಹೆಚ್ಚು, ಮಳೆಗಾಲದಲ್ಲಿ ಕಡಿಮೆ.

ಹಾಸ್ಟೆಲುಗಳಲ್ಲಿ ಎರಡು ಜಾತಿ. ಒಂದು, ಮಲಗಲು ಬಂದವರದು: ಹತ್ತು ಗಂಟೆಗೆ ಪಡಸಾಲೆಯ ದೀಪ ಮಂದವಾಗುತ್ತದೆ. ಇನ್ನೊಂದಕ್ಕೆ ಪಾರ್ಟಿ ಹಾಸ್ಟೆಲ್ ಎಂದೇ ಹೆಸರು. ಅಲ್ಲಿ ಬಾರ್ ಇರುತ್ತದೆ, ಸಂಜೆ ಆಟಗಳಿರುತ್ತವೆ, ಹತ್ತು ಗಂಟೆಗೆ ಎಲ್ಲರನ್ನೂ ಗುಂಪು ಕಟ್ಟಿ ಒಂದು ಬಾರಿನಿಂದ ಇನ್ನೊಂದು ಬಾರಿಗೆ ಕರೆದೊಯ್ಯುತ್ತಾರೆ. ಒಬ್ಬಂಟಿಯಾಗಿ ಬಂದವರಿಗೆ ಗೆಳೆಯರು ಸಿಗುವುದು ಇಲ್ಲಿ ಸುಲಭ, ನಿದ್ದೆ ಸಿಗುವುದು ಕಷ್ಟ. ಹಾಸಿಗೆಯ ದರವನ್ನು ಇವರು ಕೆಳಗಿಡುವುದು ದಾನಬುದ್ಧಿಯಿಂದಲ್ಲ, ಬಾರಿನ ಬಿಲ್ಲಿನಲ್ಲಿ ಅದು ವಾಪಸು ಬರುತ್ತದೆ.

ಕಾನೂನಿನ ಕಡೆಯಿಂದ ನೋಡಿದರೆ, ಥಾಯ್ಲೆಂಡಿನ 2004ರ ಹೋಟೆಲ್ ಕಾಯ್ದೆಯ ಪ್ರಕಾರ ತಿಂಗಳಿಗಿಂತ ಕಡಿಮೆ ಅವಧಿಗೆ ಕೋಣೆ ಬಾಡಿಗೆಗೆ ಬಿಡುವುದು ಸಾಮಾನ್ಯವಾಗಿ ಹೋಟೆಲ್ ವ್ಯವಹಾರವೇ, ಪರವಾನಗಿ ಬೇಕು. ಹಳೆಯ ಸಾಲುಮನೆಗಳಿಗೆ ಮೆಟ್ಟಿಲಿನ ಅಗಲ, ಬೆಂಕಿಯಿಂದ ಪಾರಾಗುವ ದಾರಿ ಮುಂತಾದ ಷರತ್ತುಗಳನ್ನು ಪೂರೈಸುವುದು ಸುಲಭವಲ್ಲ. ಆದ್ದರಿಂದ ಪರವಾನಗಿಯಿಲ್ಲದ ವಸತಿಗಳು ಬಹುಕಾಲ ಕಣ್ಣುಮುಚ್ಚಾಲೆಯಲ್ಲೇ ನಡೆದವು. ಬೆಂಕಿಯ ಷರತ್ತನ್ನು ಬರೀ ಕಾಗದದ ಕಾಟವೆಂದು ತಳ್ಳಿಹಾಕುವಂತಿಲ್ಲ: 2009ರ ಹೊಸವರ್ಷದ ರಾತ್ರಿ ಬ್ಯಾಂಕಾಕಿನ ಎಕ್ಕಮಾಯ್‌ನ ಸಾಂತಿಕಾ ಕ್ಲಬ್ಬಿನಲ್ಲಿ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತರು. ಹಾಸ್ಟೆಲಿಗೆ ಹೋದವರು ಮೊದಲು ನೋಡಬೇಕಾದದ್ದು ವೈಫೈ ಗುಪ್ತಪದವನ್ನಲ್ಲ, ಹಿಂಬಾಗಿಲನ್ನು.

ರಾತ್ರಿ

ಹಗಲು ಖಾವ್‌ಸಾನ್ ಮಂಕು. ಕತ್ತಲಾಗುತ್ತಿದ್ದಂತೆ ವಾಹನಗಳನ್ನು ತಡೆದು, ತಳ್ಳುಗಾಡಿಗಳು ಸಾಲುಗಟ್ಟಿ, ಎದುರುಬದುರಿನ ಬಾರುಗಳು ಒಂದರ ದನಿಯನ್ನು ಇನ್ನೊಂದು ಮುಳುಗಿಸುವ ಪೈಪೋಟಿಗೆ ಬೀಳುತ್ತವೆ. ಹಾಡು ಯಾವುದೆಂದು ತಿಳಿಯುವುದಿಲ್ಲ, ನೆಲ ನಡುಗುವುದು ಮಾತ್ರ ತಿಳಿಯುತ್ತದೆ. ಬ್ಯಾಂಕಾಕಿನ ಪಾಟ್‌ಪಾಂಗ್, ನಾನಾ, ಸೊಯಿ ಕೌಬಾಯ್‌ಗಳ ರಾತ್ರಿಲೋಕ ವಿಯೆಟ್ನಾಂ ಯುದ್ಧಕಾಲದಲ್ಲಿ ರಜೆಗೆ ಬಂದ ಅಮೆರಿಕನ್ ಸೈನಿಕರ ಸುತ್ತ ಬೇರೂರಿ, ಮುಂದೆಯೂ ಬೆಳೆದ ಮೈಮಾರಾಟದ ಪೇಟೆ. ಖಾವ್‌ಸಾನ್‌ನ ರಾತ್ರಿ ಬೇರೆ ಬಗೆಯದು. ಇಲ್ಲಿ ಗಂಡು ಹೆಣ್ಣೆನ್ನದೆ ಯುವಕರ ಗುಂಪುಗಳು ಕುಡಿದು ಕುಣಿಯಲು ಸೇರುತ್ತವೆ. ಎರಡನ್ನೂ ಒಂದೇ ಎಂದು ತಿಳಿಯುವುದು ನಮ್ಮಲ್ಲಿ ಸಾಮಾನ್ಯ, ಆದರೆ ಸರಿಯಲ್ಲ. ಇನ್ನೊಂದು ಮಾತು: ವಾರಾಂತ್ಯದ ಗುಂಪಿನಲ್ಲಿ ಥಾಯ್ ವಿದ್ಯಾರ್ಥಿಗಳೂ ತರುಣ ನೌಕರರೂ ದೊಡ್ಡ ಸಂಖ್ಯೆಯಲ್ಲಿ ಇರುತ್ತಾರೆ. ಬಡ್ಡಿ ಲಾಡ್ಜ್ ಕಟ್ಟಡದ ನೆಲಮಾಳಿಗೆಯ ಬ್ರಿಕ್ ಬಾರಿನಲ್ಲಿ ಥಾಯ್ ತಂಡಗಳು ಕಹಳೆ, ಡ್ರಮ್ಮುಗಳೊಡನೆ ನುಡಿಸುವ ಸ್ಕಾ ಸಂಗೀತಕ್ಕೆ ಸೇರುವವರಲ್ಲಿ ಹೆಚ್ಚಿನವರು ಊರವರೇ. ನಿಜವಾದ ಸಂಗೀತ ಬೇಕೆನ್ನುವವರು ಹೋಗಬೇಕಾದದ್ದು ಇಂಥಲ್ಲಿಗೆ, ಅಥವಾ ಸಾಮ್‌ಸೆನ್ ರಸ್ತೆಯ ಇಕ್ಕಟ್ಟಾದ ಬ್ಲೂಸ್ ಬಾರ್ ಅಧೇರ್‌ಗೆ.

ಬೀದಿಯ ಲಾಂಛನದಂಥ ಪಾನೀಯ ಬಕೆಟ್. ಮಕ್ಕಳು ಮರಳಿನಲ್ಲಿ ಆಡಲು ಬಳಸುವಂಥ ಬಣ್ಣದ ಪ್ಲಾಸ್ಟಿಕ್ ಬಕೆಟ್ಟಿಗೆ ಐಸು ತುಂಬಿ, ಸಾಂಗ್‌ಸೋಮ್ ಎಂಬ ಸ್ಥಳೀಯ ರಮ್ಮಿನ ಸಣ್ಣ ಬಾಟಲಿ, ಒಂದು ಕೋಲಾ, ಗಾಜಿನ ಪುಟ್ಟ ಸೀಸೆಯಲ್ಲಿ ಬರುವ ಕ್ರಾತಿಂಗ್ ಡೇಂಗ್ ಸುರಿದು ನಾಲ್ಕಾರು ಸ್ಟ್ರಾ ಚುಚ್ಚಿ ಕೊಡುತ್ತಾರೆ. ಕ್ರಾತಿಂಗ್ ಡೇಂಗ್ ಜಗತ್ತಿಗೆಲ್ಲ ಪರಿಚಿತವಾದ ರೆಡ್ ಬುಲ್‌ನ ಮೂಲ. ಸಿಹಿಯ ಮರೆಯಲ್ಲಿ ಎಷ್ಟು ಮದ್ಯ ಹೊಟ್ಟೆಗೆ ಹೋಯಿತೆಂದು ಗೊತ್ತಾಗದಿರುವುದೇ ಇದರ ಗುಣ ಮತ್ತು ಅಪಾಯ. ಬಾಟಲಿ ಕಣ್ಣೆದುರು ತೆರೆಯದ ಕಡೆ ಬಕೆಟ್ ಬೇಡ ಎನ್ನುವುದು ಬರೀ ಹೆದರಿಕೆಯ ಮಾತಲ್ಲ. ಇದೇ ಪ್ರವಾಸದಾರಿಯ ಮುಂದಿನ ಊರಾದ ಲಾವೋಸಿನ ವಾಂಗ್ ವಿಯೆಂಗ್‌ನಲ್ಲಿ 2024ರ ನವೆಂಬರಿನಲ್ಲಿ ಮೆಥನಾಲ್ ಬೆರೆತ ಮದ್ಯದಿಂದ 6 ಮಂದಿ ವಿದೇಶೀ ಪ್ರವಾಸಿಗರು ಸತ್ತರು.

ತಿನ್ನುವುದಕ್ಕೆ ತಳ್ಳುಗಾಡಿಯ ಪಾಡ್‌ಥಾಯ್, ಮಾವಿನಹಣ್ಣು ಮತ್ತು ಅಂಟಕ್ಕಿಯ ಅನ್ನ, ಬಾಳೆಹಣ್ಣಿನ ರೋಟಿ. ಇಲ್ಲಿಯ ಪಾಡ್‌ಥಾಯ್ ಹಸಿವಿಗೆ ಸರಿ, ರುಚಿಗೆ ಅಷ್ಟಕ್ಕಷ್ಟೆ. ಹೆಸರಾಂತ ಥಿಪ್‌ಸಮಾಯ್ ಅಂಗಡಿ ಹೆಚ್ಚು ದೂರವಿಲ್ಲ, ಮಹಾಚಾಯ್ ರಸ್ತೆಯಲ್ಲಿದೆ. ಕಡ್ಡಿಗೆ ಚುಚ್ಚಿ ಹುರಿದ ಚೇಳು, ಜೇಡ, ಮಿಡತೆಗಳ ತಟ್ಟೆ ಹಿಡಿದು ತಿರುಗುವವರ ಕೊರಳಲ್ಲಿ ಫೋಟೋ ತೆಗೆದರೆ 10 ಬಾತ್ ಎಂಬ ಬೋರ್ಡು ನೇತಾಡುತ್ತಿರುತ್ತದೆ. ಚೇಳು ತಿನ್ನುವವರಿಗಿಂತ ಅದರ ಜೊತೆ ಪಟ ತೆಗೆಸಿಕೊಳ್ಳುವವರೇ ಹೆಚ್ಚಾದ್ದರಿಂದ ಈ ಬೋರ್ಡು ಬುದ್ಧಿವಂತಿಕೆಯದು. ಥಾಯ್ ಜನರು ಮಿಡತೆ ತಿನ್ನುವುದುಂಟು, ಚೇಳು ಮಾತ್ರ ಪ್ರವಾಸಿಗರಿಗಾಗಿ ಹುಟ್ಟಿದ ತಿಂಡಿ. ಸಸ್ಯಾಹಾರಿಗಳು ತರಕಾರಿ ಪಾಡ್‌ಥಾಯ್ ಎಂದು ಹೇಳಿದರೆ ಸಾಲದು, ಮೀನಿನ ರಸವಾದ ನಾಮ್‌ಪ್ಲಾ ಬೇಡವೆಂದು ಬೇರೆಯಾಗಿ ಹೇಳಬೇಕು. ‘ಜೇ’ ಎಂದರೆ ಮೊಟ್ಟೆ, ಮೀನು, ಬೆಳ್ಳುಳ್ಳಿ ಸಹ ಇಲ್ಲದ ಅಡುಗೆ ಎಂದು ಅವರಿಗೆ ಅರ್ಥವಾಗುತ್ತದೆ.

ಬಾರು ಮುಚ್ಚುವ ಹೊತ್ತು ಸರ್ಕಾರದೊಂದಿಗೆ ಬದಲಾಗುತ್ತ ಬಂದಿದೆ. 2001ರ ಬಳಿಕ ಪ್ರಧಾನಿ ತಾಕ್ಸಿನ್ ಅವರ ಸರ್ಕಾರದ ಗೃಹಮಂತ್ರಿ ಪುರಚಾಯ್ ಸಾಮಾಜಿಕ ಶಿಸ್ತಿನ ಹೆಸರಿನಲ್ಲಿ ರಾತ್ರಿಯ ವ್ಯಾಪಾರಕ್ಕೆ ಕಡಿವಾಣ ಹಾಕಿದರು. 2023ರ ಡಿಸೆಂಬರಿನಲ್ಲಿ ಬ್ಯಾಂಕಾಕ್, ಫುಕೆಟ್ ಮೊದಲಾದೆಡೆ ಪರವಾನಗಿಯುಳ್ಳ ಮನರಂಜನಾ ತಾಣಗಳಿಗೆ ಬೆಳಗಿನ 4ರವರೆಗೆ ತೆರೆದಿರಲು ಅನುಮತಿ ಸಿಕ್ಕಿತು. ಮದ್ಯ ಕೊಳ್ಳಲು 20 ವರ್ಷ ತುಂಬಿರಬೇಕು. ಗಾಂಜಾದ ಕತೆ ಇನ್ನೂ ಏರಿಳಿತದ್ದು: 2022ರ ಜೂನಿನಲ್ಲಿ ಅದನ್ನು ಮಾದಕವಸ್ತುಗಳ ಪಟ್ಟಿಯಿಂದ ಕೈಬಿಟ್ಟದ್ದೇ ಹಸಿರು ಎಲೆಯ ಫಲಕಗಳು ಬೀದಿಯುದ್ದಕ್ಕೂ ಹಬ್ಬಿದವು, 2025ರ ಜೂನಿನಿಂದ ವೈದ್ಯರ ಚೀಟಿ ಬೇಕೆಂದು ಆಜ್ಞೆಯಾಯಿತು. ಅಲ್ಲಿ ಮಾರುವುದನ್ನು ಜೇಬಿನಲ್ಲಿಟ್ಟು ಬೆಂಗಳೂರಿಗೆ ಇಳಿದರೆ ನಮ್ಮ ಕಾನೂನಿನಲ್ಲಿ ಅದು ಜೈಲಿಗೆ ಹೋಗುವ ಅಪರಾಧ.

ಏಪ್ರಿಲ್ 13ರಿಂದ 15ರವರೆಗಿನ ಸೊಂಗ್‌ಕ್ರಾನ್ ಈ ಬೀದಿಯ ದೊಡ್ಡ ಜಾತ್ರೆ. ನಮ್ಮ ಕರಾವಳಿಯಲ್ಲಿ ಬಿಸು ಆಚರಿಸುವ ಮೇಷ ಸಂಕ್ರಮಣದ ಹೊತ್ತಿಗೇ ಬರುವ ಥಾಯ್ ಹೊಸವರ್ಷವಿದು. ಮನೆಗಳಲ್ಲಿ ಬುದ್ಧನ ಮೂರ್ತಿಗೂ ಹಿರಿಯರ ಕೈಗೂ ಪರಿಮಳದ ನೀರು ಎರೆಯುವ ಶಾಂತ ಆಚರಣೆ. ಖಾವ್‌ಸಾನ್‌ನಲ್ಲಿ ಅದು ನೀರಿನ ಬಂದೂಕುಗಳ ಯುದ್ಧ. ಕಾಲಿಡಲೂ ಜಾಗವಿಲ್ಲದಷ್ಟು ಜನ ಸೇರುತ್ತಾರೆ. ಯುನೆಸ್ಕೊ 2023ರಲ್ಲಿ ಸೊಂಗ್‌ಕ್ರಾನನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಬೀದಿ ಯಾರದು?

ಪ್ರವಾಸಿಗರ ಬೀದಿಯಾದರೂ ಖಾವ್‌ಸಾನ್ ಊರಿನ ರಾಜಕೀಯದಿಂದ ಹೊರಗಿಲ್ಲ. ಹಿಂದಿನ ರಾಚದಮ್ನೆನ್ ಹೆದ್ದಾರಿಯಲ್ಲಿ ಪ್ರಜಾಪ್ರಭುತ್ವ ಸ್ಮಾರಕವಿದೆ, ಖೋಕ್ ವುವಾ ವೃತ್ತದಲ್ಲಿ 1973ರ ಅಕ್ಟೋಬರ್ ಚಳವಳಿಯ ಸ್ಮಾರಕವಿದೆ. 2010ರ ಏಪ್ರಿಲ್ 10ರಂದು ಇದೇ ವೃತ್ತದ ಸುತ್ತ ಸೇನೆಗೂ ಸರ್ಕಾರವಿರೋಧಿ ಕೆಂಪಂಗಿ ಚಳವಳಿಗಾರರಿಗೂ ಘರ್ಷಣೆಯಾಗಿ 20ಕ್ಕೂ ಹೆಚ್ಚು ಜನ ಸತ್ತರು.

ಬೀದಿಯೊಳಗಿನ ಜಗಳ ತಳ್ಳುಗಾಡಿಯವರದು. ಪಾದಚಾರಿಗಳಿಗೆ ದಾರಿ ಬಿಡಬೇಕೆಂದು ಬ್ಯಾಂಕಾಕ್ ನಗರಾಡಳಿತ 2018ರ ಆಗಸ್ಟ್ 1ರಿಂದ ಹಗಲು ವ್ಯಾಪಾರ ನಿಷೇಧಿಸಿ, ಸಂಜೆ 6ರಿಂದ ನಡುರಾತ್ರಿಯವರೆಗೆ ಮಾತ್ರ ಅವಕಾಶ ಕೊಟ್ಟಿತು. ವ್ಯಾಪಾರಿಗಳು ಪ್ರತಿಭಟಿಸಿದರು. ಮುಂದೆ ಸುಮಾರು 4.8 ಕೋಟಿ ಬಾತ್ ಖರ್ಚಿನಲ್ಲಿ ರಸ್ತೆಗೂ ಕಾಲುದಾರಿಗೂ ಒಂದೇ ಮಟ್ಟದ ಹಾಸುಗಲ್ಲು ಹಾಕಿ, ಗಾಡಿಗಳಿಗೆ ಗುರುತು ಮಾಡಿದ ಜಾಗ ಕೊಟ್ಟು ಬೀದಿಯನ್ನು ಹೊಸದು ಮಾಡಲಾಯಿತು. ಕೆಲಸ ಮುಗಿಯುವ ಹೊತ್ತಿಗೆ ಕೊರೊನಾ ಬಂದು ವಿಮಾನಗಳು ನಿಂತಿದ್ದವು. 2020ರ ಕೊನೆಗೆ ಬೀದಿ ಮತ್ತೆ ತೆರೆದಾಗ ಬಂದವರು ಥಾಯ್ ಯುವಕರು. ಎರಡು ವರ್ಷ ಬೀದಿ ಉಸಿರಾಡಿದ್ದು ಅವರಿಂದ. ಆದರೆ ಆ ಎರಡು ವರ್ಷಗಳಲ್ಲಿ ಮನೆಯವರೇ ನಡೆಸುತ್ತಿದ್ದ ಹಲವು ಗೆಸ್ಟ್‌ಹೌಸುಗಳು ಬಾಗಿಲು ಹಾಕಿದವು. ಗದ್ದಲದ ವಿರುದ್ಧ ನಿವಾಸಿಗಳ ದೂರು ಮಾತ್ರ ಹಳೆಯದೇ. ಪೊಲೀಸರು ಬಂದಾಗ ತಗ್ಗುವ ಧ್ವನಿವರ್ಧಕ ಅವರು ಬೆನ್ನು ತಿರುಗಿಸಿದಾಗ ಏರುತ್ತದೆ.

ಇದೇ ಅಲೆಮಾರಿಗಳ ದಾರಿಯ ಒಂದು ಕವಲು ಕರ್ನಾಟಕಕ್ಕೂ ಬಂದಿದೆ. ಗೋಕರ್ಣದ ಕುಡ್ಲೆ, ಓಂ ಕಡಲತೀರಗಳಲ್ಲಿ ತೆಂಗಿನ ಗರಿಯ ಗುಡಿಸಲುಗಳಿಂದ ಆರಂಭವಾದ ವಸತಿ ಈಗ ಹಾಸ್ಟೆಲುಗಳವರೆಗೆ ಬೆಳೆದಿದೆ. ಹಂಪಿಯ ಎದುರು, ತುಂಗಭದ್ರೆಯ ಆಚೆಗಿನ ವಿರೂಪಾಪುರಗಡ್ಡೆಯಲ್ಲಿ ಬೆಳೆದಿದ್ದ ಗೆಸ್ಟ್‌ಹೌಸುಗಳ ಕೇರಿಯನ್ನು ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 2020ರಲ್ಲಿ ನೆಲಸಮ ಮಾಡಲಾಯಿತು. ಖಾವ್‌ಸಾನ್‌ನಲ್ಲಿ ಅಗ್ಗದ ವಸತಿಯನ್ನು ಮಾರುಕಟ್ಟೆ ಹೊರಹಾಕಿತು, ಹಂಪಿಯಲ್ಲಿ ಪರಂಪರೆಯ ಕಾನೂನು.

ಹೋಗುವವರಿಗೆ

ಸುವರ್ಣಭೂಮಿ ವಿಮಾನ ನಿಲ್ದಾಣದಿಂದ ಎಸ್1, ಡಾನ್‌ಮುವಾಂಗ್‌ನಿಂದ ಎ4 ಬಸ್ಸುಗಳು ಖಾವ್‌ಸಾನ್ ಹಾದು ಹೋಗುತ್ತವೆ; ದರ 60 ಮತ್ತು 50 ಬಾತ್. ರಾತ್ರಿ ತಡವಾಗಿ ಇಳಿದವರಿಗೆ ಟ್ಯಾಕ್ಸಿಯೇ ಗತಿ, ಮೀಟರ್ ಹಾಕಿಸಬೇಕು. ಆಕಾಶ ರೈಲು ಇತ್ತ ಬರುವುದಿಲ್ಲ. 2019ರಲ್ಲಿ ತೆರೆದ ಸಾಮ್ ಯೊತ್ ಮೆಟ್ರೊ ನಿಲ್ದಾಣ ಸುಮಾರು ಎರಡು ಕಿಲೋಮೀಟರ್ ದೂರ. ಹಗಲು ಓಡಾಟಕ್ಕೆ ಫ್ರಾ ಆಥಿತ್ ಕಟ್ಟೆಯಿಂದ ಹೊರಡುವ ನದಿಯ ದೋಣಿಯಷ್ಟು ಅಗ್ಗ, ಹಿತ ಬೇರೆ ಇಲ್ಲ. ಇವತ್ತು ಅರಮನೆ ಮುಚ್ಚಿದೆ, ಬೇರೆ ದೇವಾಲಯ ತೋರಿಸುತ್ತೇನೆ ಎನ್ನುವ ಟುಕ್‌ಟುಕ್ ಚಾಲಕ ಕೊನೆಗೆ ಇಳಿಸುವುದು ಹರಳಿನ ಅಂಗಡಿಯಲ್ಲಿ. ಬೆಂಗಳೂರಿನಿಂದ ಬ್ಯಾಂಕಾಕಿಗೆ ನೇರ ವಿಮಾನಗಳಿವೆ. ವೀಸಾ ನಿಯಮ ಆಗಾಗ ಬದಲಾಗುವುದರಿಂದ ಟಿಕೆಟ್ ಕೊಳ್ಳುವ ಮುನ್ನ ನೋಡಿಕೊಳ್ಳಬೇಕು. 2025ರ ಮೇ 1ರಿಂದ ಆನ್‌ಲೈನ್ ಆಗಮನ ಚೀಟಿ ತುಂಬುವುದು ಕಡ್ಡಾಯ; ಸರ್ಕಾರಿ ತಾಣದಲ್ಲಿ ಅದು ಉಚಿತ, ದುಡ್ಡು ಕೇಳುವ ತಾಣಗಳು ದಲ್ಲಾಳಿಗಳವು.

ಕೋಣೆಯನ್ನು ಖಾವ್‌ಸಾನ್ ಮೇಲೆ ಹಿಡಿಯಬೇಡಿ. ರಾಂಬುತ್ರಿಯಲ್ಲೋ ಸಾಮ್‌ಸೆನ್‌ನಲ್ಲೋ, ಬೀದಿಗೆ ಕಿಟಕಿಯಿಲ್ಲದ ಕೋಣೆ ಕೇಳಿ ಪಡೆಯಿರಿ. ಗದ್ದಲ ಬೇಕೆನಿಸಿದಾಗ ಖಾವ್‌ಸಾನ್‌ಗೆ ನಡೆದೇ ಹೋಗಿಬರಬಹುದು.